ಬೆಕ್ಕಿನ ಮರಿಯ ಉಸಿರು ವರದಮ್ಮನ ಮುಷ್ಟಿಯಲ್ಲಿ

ಬೆಳಗಿನ ಆರೂಕಾಲು. ಶಿಕಾರಿಪುರದ ಒಂದು ಖಾಸಗಿ ಪ್ರಾಣಿ ಆಸ್ಪತ್ರೆ. ಮೇಜಿನ ಮೇಲೆ ಮೂರು ತಿಂಗಳ ಬೆಕ್ಕಿನ ಮರಿ, ತೂಕ ಒಂಬೈನೂರು ಗ್ರಾಂ. ಎದೆ ತೆರೆದಿದೆ. ಇನ್ನು ಅದು ತಾನಾಗಿ ಉಸಿರಾಡುವಂತಿಲ್ಲ. ಗಂಟಲಿಗೆ ಇಳಿಸಿದ ಕೊಳವೆಯ ತುದಿಗೆ ರಬ್ಬರ್ ಚೀಲ, ಚೀಲ ವರದಮ್ಮನ ಕೈಯಲ್ಲಿ. ಜೋರಾಗಿ ಅಮುಕಿದರೆ ಶ್ವಾಸಕೋಶ ಹರಿಯುತ್ತದೆ, ಮೆತ್ತಗೆ ಅಮುಕಿದರೆ ಮರಿ ನೀಲಿಗಟ್ಟುತ್ತದೆ. ನಿಮಿಷಕ್ಕೆ ಇಪ್ಪತ್ತು ಸಲ.

ಐವತ್ನಾಲ್ಕರ ವರದಮ್ಮ ಸೊರಬದ ಹೊಸಬಾಳೆಯವರು, ಕುರಿ ಸಾಕಿದ ಮನೆಯವರು. ರಿಜಿಸ್ಟರಿನಲ್ಲಿ ಅವರ ಕೆಲಸ ಕಸ ಗುಡಿಸುವುದು. ಹದಿನಾಲ್ಕು ವರ್ಷ ಈ ಕೈ ಇನ್ನೇನು ಮಾಡಿದೆ ಅಂತ ಒಂದು ಕಾಗದದಲ್ಲೂ ಇಲ್ಲ. ಹೇಳೋರು ಕೇಳೋರು ಯಾರೂ ಇಲ್ಲವೇ?

"ಹುಟ್ಟಿದ ಕುರಿಮರಿ ಉಸಿರೆತ್ತದಿದ್ರೆ ಮೂಗಿಗೆ ಊದ್ತಿದ್ವಿ. ಎಷ್ಟು ಊದ್ಬೇಕು ಅಂತ ಕೆನ್ನೆಗೇ ಗೊತ್ತಾಗ್ತಿತ್ತು. ಈಗ ಕೈಗೆ ಗೊತ್ತಾಗುತ್ತೆ."

ಈ ಮರಿಯ ರೋಗ ಮೊದಲು ಹಿಡಿದವರೂ ಅವರೇ. ಮಂಡಿ ವ್ಯಾಪಾರಿ ಕೊಟ್ರೇಶ್ ಲಸಿಕೆಗೆಂದು ತಂದಿದ್ದರು. "ಯಾವಾಗ ಮುಟ್ಟಿದ್ರೂ ಗುರುಗುರು ಅಂತೈತಿ. ನನ್ ಮ್ಯಾಲ ಅಷ್ಟು ಪ್ರೀತಿ ನೋಡ್ರಿ!" ವರದಮ್ಮ ನಲ್ಲಿ ಬಿಟ್ಟರು. ನೀರಿನ ಸದ್ದಿಗೆ ಬೆಕ್ಕು ಗುರುಗುಟ್ಟುವುದನ್ನು ನಿಲ್ಲಿಸುತ್ತದೆ. ಮರಿ ಬೆದರಿ ಮುದುಡಿತು, ಎದೆಯ ನಡುಕ ಮಾತ್ರ ಬೆರಳಿಗೆ ಸಿಗುತ್ತಲೇ ಇತ್ತು.

"ಪ್ರೀತಿ ಅಲ್ಲ ಸಾಹುಕಾರ್ರೇ, ಒಳಗೇನೋ ಕೆಟ್ಟಿದೆ."

ಸ್ಕ್ಯಾನ್ ಅದನ್ನೇ ಹೇಳಿತು. ಹುಟ್ಟಿದ ಮೇಲೆ ಮುಚ್ಚಬೇಕಿದ್ದ, ಹೃದಯದ ಪಕ್ಕದ ನಾಳ ಮುಚ್ಚಿರಲಿಲ್ಲ. ದಾರ ಹಾಕಿ ಕಟ್ಟದಿದ್ದರೆ ಮರಿ ವರ್ಷ ಕಾಣುವುದು ಕಷ್ಟ.

ಈಗ ಶಿವಮೊಗ್ಗದಿಂದ ಬಂದ ಡಾಕ್ಟರ್ ನಯನ ಆ ನಾಳದ ಹಿಂದೆ ದಾರ ದಾಟಿಸಬೇಕು. ಶ್ವಾಸಕೋಶ ಉಬ್ಬಿದಾಗ ನಾಳ ಅಲುಗುತ್ತದೆ; ಹರಿದರೆ ಮುಗಿಯಿತು.

"ನಿಲ್ಲಿಸ್ರಿ."

ಚೀಲ ನಿಲ್ಲುತ್ತದೆ. ವರದಮ್ಮನೂ ಉಸಿರು ಬಿಗಿಹಿಡಿಯುತ್ತಾರೆ. ಹತ್ತು ಸೆಕೆಂಡು. ಹದಿನೈದು.

"ವರದಮ್ಮ, ಇನ್ನೊಂದ್ ಚೂರು..."

"ಆಗಲ್ಲ ಡಾಕ್ಟ್ರಮ್ಮ, ನಾಲಿಗೆ ಬಣ್ಣ ಹೋಗ್ತಿದೆ. ಕೈ ತೆಗೀರಿ."

ಡಾಕ್ಟರ್ ಕೈ ತೆಗೆಯುತ್ತಾರೆ. ನಾಲ್ಕು ಸಲ ಗಾಳಿ. ಚೀಲ ಮತ್ತೆ ನಿಲ್ಲುತ್ತದೆ. ದಾರ ದಾಟುತ್ತದೆ. ಗಂಟು ಬಿಗಿಯುತ್ತಿದ್ದಂತೆ ಎದೆಬಡಿತ ದಡಕ್ಕನೆ ಇಳಿಯುತ್ತದೆ. ವರದಮ್ಮನ ಮುಷ್ಟಿ ಒಂದೇ ಸಮ ಮುಚ್ಚಿ ತೆರೆಯುತ್ತದೆ. ಅರ್ಧ ನಿಮಿಷಕ್ಕೆ ಬಡಿತ ಮೆಲ್ಲಗೆ ಏರತೊಡಗುತ್ತದೆ.

ಏಳೂವರೆಗೆ ಮರಿ ತಾನೇ ಉಸಿರೆಳೆಯುತ್ತದೆ. ಹೊರಗೆ ಕೊಟ್ರೇಶ್ ಡಾಕ್ಟರಿಗೆ ಕೈಮುಗಿದು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಒಳಗೆ ವರದಮ್ಮ ರಕ್ತ ಒರೆಸುತ್ತಿದ್ದಾರೆ.

ಉಸಿರು ಕೊಡುವ ಮಿಷನ್ ಮುಂದಿನ ತಿಂಗಳು ಬರುತ್ತದಂತೆ. ಬೇಜಾರಿಲ್ಲವೇ ಎಂದರೆ ಬಟ್ಟೆ ಹಿಂಡುತ್ತ ನಗುತ್ತಾರೆ:

"ಬರ್ಲಿ ಬಿಡ್ರಿ, ಕೈ ನೋವಾದ್ರೂ ತಪ್ಪುತ್ತೆ. ಕರೆಂಟ್ ಹೋದ್ರೆ ನನ್ನ ಕೂಗ್ರಿ ಅಂದಿದೀನಿ."