ಹಾಲೆವಿಗ್‌ನಲ್ಲಿ ಬೋಡ್ಕರ್ ಯಾರು?

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಹಾಲೆವಿಗ್ ಬಂದರಿನ ಹಿಂದಿನ ಶೆಡ್ಡಿನಲ್ಲಿ ದಾಗ್ನಿ ತೋಗರ್‌ಸನ್ ಓಕ್ ಮರದ ಹಲಗೆಗಳನ್ನು ಕಬ್ಬಿಣದ ಬಳೆಯೊಳಗೆ ದುಂಡಗೆ ನಿಲ್ಲಿಸಿ, ನಡುವೆ ಪುಟ್ಟ ಬೆಂಕಿ ಹಾಕಿದ್ದಾರೆ. ಮರ ಬಿಸಿಯಾಗಿ ಬಾಗುತ್ತಿದ್ದಂತೆ ಸುತ್ತಿಗೆ ಹಿಡಿದು ಪೀಪಾಯಿಗೆ ಪ್ರದಕ್ಷಿಣೆ ಶುರು. ಆ ಠಣ್ ಠಣ್ ಸದ್ದಿಗೇ ಅಕ್ಕಪಕ್ಕದವರು ಎದ್ದು ಕಾಫಿಗೆ ನೀರಿಡುತ್ತಾರೆ. "ನಾನೇ ಇವರ ಕೋಳಿ. ಒಂದಿನ ಮಲಗಿಬಿಟ್ರೆ ಊರಿಗೆ ಊರೇ ಲೇಟು," ಎಂದು ನಗುತ್ತಾರೆ ದಾಗ್ನಿ.

ಐವತ್ತೆಂಟರ ಈ ಹೆಂಗಸು ದಿನಕ್ಕೊಂದು ಪೀಪಾಯಿ ಮುಗಿಸಿದರೆ ಹೆಚ್ಚು. ಉಪ್ಪು ಹಾಕಿದ ಹೆರಿಂಗ್ ಮೀನು ಓಕ್ ಪೀಪಾಯಿಯಲ್ಲೇ ಹದವಾಗಬೇಕು ಎನ್ನುವವರು ಈಗಲೂ ಇದ್ದಾರೆ. ಪ್ಲಾಸ್ಟಿಕ್ ಡ್ರಮ್ಮು ಬಂದ ಹೊಸದರಲ್ಲಿ ಮಾತ್ರ ಕೆಲಸವಿಲ್ಲದೆ ಶಾಲೆಯ ನೆಲ ಒರೆಸಿ ಹೊಟ್ಟೆ ಹೊರೆದರು. ಆದರೆ ಸುತ್ತಿಗೆ ಮಾರಲಿಲ್ಲ. ಇಷ್ಟಾದರೂ ಒಂದು ಕೊರಗಿತ್ತು: ಊರು ಅವರನ್ನು ಬೋಡ್ಕರ್ ಎಂದು ಕರೆದಿರಲಿಲ್ಲ.

ಬೋಡ್ಕರ್ ಎಂದರೆ ಪೀಪಾಯಿ ಮಾಡುವವರು. ಹಿಂದೆ ಇಲ್ಲಿ ಅಪ್ಪನ ಹೆಸರೇ ಮಗನ ಅಡ್ಡಹೆಸರು: ತೋಗರನ ಮಗ ತೋಗರ್‌ಸನ್. ಅವನ ಮಗನಿಗೆ ಮತ್ತೊಂದು ಹೆಸರು. ಒಂದೇ ಹೆಸರಿನವರು ಬೀದಿಗೆ ನಾಲ್ವರಾದಾಗ ಜನ ಕಸುಬು ಸೇರಿಸಿ ಕರೆದರು: ಕಮ್ಮಾರ, ಗಿರಣಿಯವ, ಬೋಡ್ಕರ್. ಹತ್ತೊಂಬತ್ತನೇ ಶತಮಾನದಲ್ಲಿ ಮನೆತನಕ್ಕೊಂದು ಖಾಯಂ ಹೆಸರಿರಲಿ ಎಂದು ದೊರೆಯ ಅಪ್ಪಣೆಯಾಯಿತು. ಬಹಳ ಮಂದಿಗೆ ಅಪ್ಪನ ಹೆಸರು ಅಂಟಿತು, ಕೆಲವರಿಗೆ ಕಸುಬು. ದಾಗ್ನಿಯ ಅಜ್ಜ ಲೌಸ್ಟ್ ಚರ್ಚಿನ ದಾಖಲೆಯಲ್ಲಿ ತೋಗರ್‌ಸನ್, ಊರ ಬಾಯಲ್ಲಿ ಸಾಯುವತನಕ ಲೌಸ್ಟ್ ಬೋಡ್ಕರ್. ಹಾಲೆವಿಗ್‌ನಲ್ಲಿ ಆ ಹೆಸರನ್ನು ಕೇಳಿ ಪಡೆಯುವಂತಿಲ್ಲ, ಊರೇ ಕೊಡಬೇಕು.

ಹುಟ್ಟಾ ಬೋಡ್ಕರ್ ಒಬ್ಬರು ಬೇರೆಯೇ ಇದ್ದಾರೆ, ಕ್ಷೌರದಂಗಡಿಯ ಐಲರ್ ಬೋಡ್ಕರ್. ಪೀಪಾಯಿ ಬಿಟ್ಟು ಕತ್ತರಿ ಹಿಡಿದದ್ದು ಅವರ ಮುತ್ತಜ್ಜ. ಅಂಗಡಿಯ ಬೋರ್ಡು ನೋಡಿ ಪೀಪಾಯಿ ಕೇಳಿಕೊಂಡು ಬರುವವರಿಗೆ, "ಮೊದ್ಲು ಕೂತ್ಕೊಳ್ಳಿ, ಕೂದಲು ಕತ್ತರಿಸ್ತೀನಿ. ಆಮೇಲೆ ದಾರಿ ಹೇಳ್ತೀನಿ," ಎನ್ನುವ ಆಸಾಮಿ.

ಈ ವಸಂತದಲ್ಲಿ ಟೋವೆ ಎಂಬಾಕೆ ಹೊಸದಾಗಿ ಬಂದು ಮೀನಿಗೆ ಹೊಗೆ ಹಾಕುವ ಅಂಗಡಿ ತೆರೆದರು. ಲಾರಿಯವನಿಗೆ ಹೇಳಿ ಊರಿನದೇ ಪೀಪಾಯಿ ತರಿಸಿದರು. ನೀರು ತುಂಬಿದರೆ ಜರಡಿಯಂತೆ ಸೋರಿತು. ಬೀದಿಯಲ್ಲಿ ಬೋಡ್ಕರ್ ಎಂಬ ಬೋರ್ಡು ಕಂಡದ್ದೇ ಒಳಗೆ ನುಗ್ಗಿದರು.

"ಏನ್ರೀ ನಿಮ್ ಪೀಪಾಯಿ! ನೀರೆಲ್ಲ ನೆಲದ ಪಾಲಾಯ್ತು. ವಾಪಸ್ ತಗೊಳ್ಳಿ!"

ಐಲರ್ ಕತ್ತರಿ ಕೆಳಗಿಡಲಿಲ್ಲ. ಇಂಥ ಬೈಗುಳ ತಿಂದೂ ತಿಂದೂ ಅವರಿಗೆ ಉತ್ತರ ಬಾಯಿಪಾಠವಾಗಿದೆ. "ಚಳಿಗಾಲ ಪೂರ್ತಿ ಒಣಗಿ ನಿಂತ ಮರ ಅಲ್ವೇನಮ್ಮಾ, ಹೊಟ್ಟೆ ತುಂಬ ನೀರು ಕುಡೀಲಿ. ಬೆಳಗಾಗೋವರೆಗೂ ತುಂಬಿಸ್ತಾ ಇರಿ. ಊದ್ಕೊಂಡ ಮೇಲೂ ಸೋರಿದ್ರೆ, ಈ ಜನ್ಮ ಪೂರ್ತಿ ನಿಮ್ಮ ಕೂದಲು ಪುಕ್ಕಟೆ ಕತ್ತರಿಸ್ತೀನಿ."

"ನೀವೇ ಮಾಡಿದ್ದಾ ಇದು?"

"ನಾನು ಮಾಡಿದ್ರೆ ನಿಮ್ಮ ಸಿಟ್ಟು ಸರಿಯಾಗೇ ಇರ್ತಿತ್ತು. ಮಾಡಿದ್ದು ದಾಗ್ನಿ."

ಸುದ್ದಿ ಶೆಡ್ಡಿಗೆ ತಲುಪಿತು. "ಲೌಸ್ಟ್ ಬೋಡ್ಕರನ ಮೊಮ್ಮಗಳ ಪೀಪಾಯಿ ಸೋರುತ್ತಂತೆ ಅಂತ ಹಬ್ಬಿದ್ರೆ ಮುಗೀತು, ಆ ಹೆಸರು ನನಗೆ ಇನ್ನೆಲ್ಲಿಂದ ಬರ್ಬೇಕು? ಊಟಾನೇ ಸೇರ್ಲಿಲ್ಲ," ಎನ್ನುತ್ತಾರೆ ದಾಗ್ನಿ.

ಮರುದಿನ ಟೋವೆ ಬಂದರಿಗೆ ಬಂದರು. ಮುಖದಲ್ಲಿ ನಗು. "ಬೋಡ್ಕರ್ ಎಲ್ರೀ? ಹನಿ ಸೋರ್ತಿಲ್ಲ. ಇನ್ನೂ ಆರು ಬೇಕು!"

ಮೀನುಗಾರರ ನಡುವೆ ಬೆಂಚಿನಲ್ಲಿದ್ದ ಐಲರ್ ಕೂತಲ್ಲಿಂದ ಏಳಲಿಲ್ಲ. ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ದಾಗ್ನಿಯತ್ತ ಕೈ ತೋರಿಸಿದರು. "ಅಗೋ, ಅಲ್ಲಿದಾಳೆ ಬೋಡ್ಕರ್. ನಾನು ಬರೀ ಬೋರ್ಡು."

ಬೆಂಚಿಗೆ ಬೆಂಚೇ ನಕ್ಕಿತು. ಆ ನಗುವಿನೊಂದಿಗೆ ಹೆಸರೂ ದಾಗ್ನಿಗೆ ಅಂಟಿತು.

ಶೆಡ್ಡಿಗೊಂದು ಬೋರ್ಡು ಹಾಕಿಸುತ್ತೀರಾ ಎಂದರೆ ದಾಗ್ನಿ ಬೇಡವೆಂದು ತಲೆಯಾಡಿಸುತ್ತಾರೆ. "ಯಾಕೆ? ಕರೆಯೋರಿದ್ದಾರಲ್ಲ." ಅಷ್ಟರಲ್ಲಿ ಪಕ್ಕದ ಮನೆಯಿಂದ ಕೂಗು: "ದಾಗ್ನಿ ಬೋಡ್ಕರ್, ಕಾಫಿ ಆಯ್ತು ಬಾರೇ!" ದಾಗ್ನಿ ಸುತ್ತಿಗೆ ನಿಲ್ಲಿಸುತ್ತಾರೆ, ಓಗೊಡುವುದಿಲ್ಲ. ಕೇಳಿಸಲಿಲ್ಲವೇ?

"ಕೇಳಿಸ್ತು," ಎನ್ನುತ್ತಾರೆ ಮೆಲ್ಲಗೆ. "ಇನ್ನೊಂದ್ಸಲ ಕರೀಲಿ ಅಂತ."