ಒಸಾಕಾದಲ್ಲಿ ಅಮ್ಮನ ಛತ್ರಿ

ಒಬ್ಬಳೇ, ಮೊದಲ ಸಲ ಒಸಾಕಾಗೆ ಬಂದಿದ್ದೇನೆ. ಎರಡನೇ ದಿನವೇ ಅಮ್ಮನ ಛತ್ರಿಯನ್ನು ರೈಲಿನಲ್ಲಿ ಮರೆತು ಇಳಿದುಬಿಟ್ಟೆ. ನಮ್ಮೂರು ಗಾಜುವಾಕದ ರಿಪೇರಿಯವನು ಮೂರು ಸಲ ಕಡ್ಡಿ ಬದಲಿಸಿದ್ದ, ಹಿಡಿಗೆ ಬಿಳಿ ದಾರ ಸುತ್ತಿದ್ದ ಕಪ್ಪು ಛತ್ರಿ. ಅಮ್ಮ ಹೋಗಿ ನಾಲ್ಕು ತಿಂಗಳಾಯಿತು. ಮನೆಯಲ್ಲಿ ನನ್ನ ಜೊತೆ ಕನ್ನಡ ಆಡುತ್ತಿದ್ದವಳು ಅವಳೊಬ್ಬಳೇ.

ವಿಜಯವಾಡದಲ್ಲಿರುವ ತಮ್ಮನಿಗೆ ಫೋನ್ ಮಾಡಿದೆ. ನಾವಿಬ್ಬರೂ ಮಾತಾಡುವುದು ತೆಲುಗಿನಲ್ಲೇ. "ಪಾತ ಗೊಡುಗೇ ಗದಕ್ಕಾ, ವದಿಲೇಯ್," ಎಂದ. ಹಳೇ ಛತ್ರಿ ತಾನೇ, ಬಿಟ್ಟುಬಿಡು ಅಂತ. ನನಗೆ ಬಿಡಲಾಗಲಿಲ್ಲ.

ನಿಲ್ದಾಣದಲ್ಲಿ ಕಳೆದ ವಸ್ತುಗಳ ಕೌಂಟರ್ ಹುಡುಕಿ, ಫೋನಿನಲ್ಲಿದ್ದ ಛತ್ರಿಯ ಫೋಟೊ ತೋರಿಸಿದೆ. ಬಿಳಿ ಕೈಗವಸು ತೊಟ್ಟ ಮುದುಕ ಗುಮಾಸ್ತ ಬಗ್ಗಿ ನೋಡಿ, "ಕಸ?" ಎಂದ.

ನನಗೆ ಮೈಯೆಲ್ಲ ಉರಿಯಿತು.

"ಕಸ ಅಲ್ರೀ, ನಮ್ಮಮ್ಮನ ಛತ್ರಿ ಅದು!"

ನಾಲ್ಕು ತಿಂಗಳಲ್ಲಿ ನನ್ನ ಬಾಯಿಂದ ಬಂದ ಮೊದಲ ಕನ್ನಡ ಅದು. ಅವನು ಗಾಬರಿಯಿಂದ ತಲೆಬಾಗಿಸಿ, ಹಿಂದಿನ ಕಂಬಿಯತ್ತ ಕೈ ತೋರಿಸಿ, "ಕಸ, ಕಸ," ಎಂದ. ಅಲ್ಲಿ ಸಾಲಾಗಿ ಛತ್ರಿಗಳು ತೂಗುತ್ತಿದ್ದವು; ಒಂದೊಂದಕ್ಕೂ ಸಿಕ್ಕ ಹೊತ್ತು ಬರೆದ ಚೀಟಿ. ಜಪಾನಿಯಲ್ಲಿ ಛತ್ರಿಗೆ ಕಸ ಎನ್ನುತ್ತಾರೆಂದು ಆಗ ಹೊಳೆಯಿತು.

ಇಬ್ಬರೂ ಸೇರಿ ಎರಡು ಸಲ ಹುಡುಕಿದೆವು. ಅಮ್ಮನದು ಇರಲಿಲ್ಲ.

ಗುಮಾಸ್ತ ಒಂದು ಫಾರಂ ಕೊಟ್ಟು, ಕಳೆದ ವಸ್ತುವಿನ ಹೆಸರು ಬರೆಯುವ ಜಾಗದ ಮೇಲೆ ಬೆರಳಿಟ್ಟ. ಇಂಗ್ಲಿಷ್ ಅಕ್ಷರಗಳಲ್ಲಿ, ನನ್ನ ಕೈಯಾರೆ, ಕಸ ಎಂದು ಬರೆದುಕೊಟ್ಟೆ.