ಭಾವನಿಗೆ ಮಾಡಿದ ಶುದ್ಧಿ

ಗಣಿಯಲ್ಲಿ ಪಾಳಿ ಮುಗಿಸಿ ಮೇಲೆ ಬಂದವರ ಬಟ್ಟೆ ಬಿಚ್ಚಿಸಿ, ಚಿನ್ನದ ಕಲ್ಲು ಬಚ್ಚಿಟ್ಟುಕೊಂಡಿದ್ದಾರೇನೋ ಎಂದು ತಡಕುತ್ತಿದ್ದ ಕಾಲ ಅದು. ಅಲ್ಲಿ ಯಾವ ಗಂಡಸಿನ ಗುಟ್ಟೂ ಉಳಿಯುತ್ತಿರಲಿಲ್ಲ. ನನ್ನ ಅಕ್ಕನ ಗಂಡ ಆಸ್ಪತ್ರೆಯಲ್ಲಿ ಸುನ್ನತಿ ಮಾಡಿಸಿಕೊಂಡ ಸುದ್ದಿಯೂ ಹಾಗೇ ಹೊರಬಿತ್ತು. ಬಸುರಿ ಅಕ್ಕ ಆಗ ಬೇತಮಂಗಲದ ಹತ್ತಿರದ ನಮ್ಮೂರಿಗೆ ಬಂದಿದ್ದಳು. ಅವಳನ್ನು ಕರೆದುಕೊಂಡು ನಾನು ಮೈಸೂರು ಮೈನ್ಸಿನಲ್ಲಿ ಗಣಿಯವರು ಭಾವನಿಗೆ ಕೊಟ್ಟಿದ್ದ ಲೈನ್ ಮನೆಗೆ ಹೋಗುವಷ್ಟರಲ್ಲಿ, ನಲ್ಲಿಯ ಹತ್ತಿರ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಒಂದೇ ಮಾತು: ಇವನು ಸಾಬರ ಮತಕ್ಕೆ ಸೇರಿಬಿಟ್ಟನಾ?

ಯಾಕೆ ಕೊಯ್ಸಿಕೊಂಡ ಎಂದು ಒಬ್ಬರಾದರೂ ಕೇಳಬೇಡವೇ? ಇವತ್ತಿಗೂ ನೆನೆದರೆ ನನಗೆ ಮೈ ಉರಿಯುತ್ತದೆ.

ಅಕ್ಕನ ಅತ್ತೆಗೆ ಜಾತಿಯಿಂದ ಹೊರಗಿಟ್ಟಾರೆಂಬ ದಿಗಿಲು. ಶುದ್ಧಿ ಮಾಡಲು ಬನ್ನಿ ಎಂದು ಕುಲದ ಹಿರಿಯರಿಗೆ ಹೇಳಿ ಕಳಿಸಿದಳು. ನನ್ನ ದಿಗಿಲು ಬೇರೆ. ಅಕ್ಕನ ಮೊದಲ ಮಗು ಸತ್ತೇ ಹುಟ್ಟಿತ್ತು. ಈ ಸಲ ಹಾಗಾಗಬಾರದೆಂದು ಅವಳನ್ನು ಆಸ್ಪತ್ರೆಗೆ ಕರೆದೊಯ್ದು ತೋರಿಸಿದೆ. ರಕ್ತ ತೆಗೆದುಕೊಂಡರು. ಏನು ಬಂತೆಂದು ಕೇಳಲು ಹೋದಾಗ ಡಾಕ್ಟರಮ್ಮ ನನ್ನನ್ನು ಕೂರಿಸಿಕೊಂಡು ಹೇಳಿದರು.

“ನಿಮ್ಮ ಅಕ್ಕನಿಗೆ ಗುಪ್ತರೋಗ ತಗಲಿದೆ. ಗಂಡನಿಂದ ಬಂದದ್ದು. ಮೊದಲ ಮಗು ಹೋಗಿದ್ದೂ ಅದರಿಂದಲೇ ಇರಬೇಕು. ಈಗಲೇ ಸೂಜಿ ಹಾಕಿಸಿದರೆ ಈ ಮಗು ಉಳಿಯಬಹುದು. ಗಂಡನಿಗೂ ಹಾಕಲೇಬೇಕು, ಇಲ್ಲದಿದ್ದರೆ ಅವಳಿಗೆ ಮತ್ತೆ ಬರುತ್ತೆ.”

ಭಾವ ಹುಣ್ಣಾಗಿ, ಚರ್ಮ ಬಿಗಿದು, ಉಚ್ಚೆ ಹೊಯ್ಯಲಾಗದೆ ಅದೇ ಆಸ್ಪತ್ರೆಗೆ ಹೋಗಿದ್ದನಂತೆ. ಅದಕ್ಕೇ ಕೊಯ್ದಿದ್ದರು. ಹೆಂಡತಿಯನ್ನು ಕರೆದು ತಾ ಎಂದರೆ ಮದುವೆಯೇ ಆಗಿಲ್ಲ ಎಂದನಂತೆ. ಗಾಯ ಮಾಯ್ದ ಮೇಲೆ ಸೂಜಿಗೂ ಹೋಗಲಿಲ್ಲ.

ನಾನು ಮನೆಗೆ ಬಂದರೆ ಶುದ್ಧಿ ನಡೆಯುತ್ತಿತ್ತು. ಹಿರಿಯರು ಚಾಪೆಯ ಮೇಲೆ ಕೂತಿದ್ದರು. ಭಾವನಿಗೆ ಗಂಜಲ ಚಿಮುಕಿಸಿ, ಕಾಯಿಸಿದ ಚಿನ್ನದ ತಂತಿಯನ್ನು ನಾಲಿಗೆಗೆ ಮುಟ್ಟಿಸಿದರು. ಒಳಗೆ ತುಂಬು ಹೊಟ್ಟೆಯ ಅಕ್ಕ ಅವರೆಲ್ಲರ ಊಟಕ್ಕೆ ಮಸಾಲೆ ಅರೆಯುತ್ತಿದ್ದಳು. ಭಾವನನ್ನು ಹಿತ್ತಲಿಗೆ ಕರೆದು ಡಾಕ್ಟರಮ್ಮ ಹೇಳಿದ್ದನ್ನು ಹೇಳಿದೆ. ಅವನು ನಕ್ಕ.

“ಕೊಯ್ಸಾಯ್ತಲ್ಲಮ್ಮಿ, ಇನ್ನು ನಂಗ್ಯಾವ ಸೀಕು? ಸಾಬ್ರಿಗೆ ಆ ಸೀಕು ಬರಾಕಿಲ್ಲ ಕಣೆ, ಅದ್ಕೇ ಅವ್ರು ಮಾಡ್ಸೋದು. ಸೂಜಿ ನಿಮ್ಮಕ್ಕಂಗೆ ಆಕ್ಸು. ಅದು ಎಂಗಸ್ರ ಸೀಕು.”

ಇದೇ ಬಾಯಿಗೆ ಈಗಷ್ಟೇ ಶುದ್ಧಿಯಾಗಿತ್ತು! ಸುನ್ನತಿಯಾದವರಿಗೆ ಅಂಥ ಕೆಲವು ರೋಗಗಳು ತಗಲುವುದು ಸ್ವಲ್ಪ ಕಡಿಮೆ ಎಂದು ಈಗ ಓದುತ್ತೇನೆ. ಇರಬಹುದು. ಇವನಿಗೆ ಮೊದಲೇ ತಗಲಿತ್ತು, ಅಕ್ಕನಿಗೆ ದಾಟಿಸಿಯೂ ಆಗಿತ್ತು. ಚರ್ಮ ಕೊಯ್ದರೆ ರಕ್ತದಲ್ಲಿರುವುದು ಹೋಗುತ್ತದೆಯೇ?

ನಾನು ನೇರ ಹಿರಿಯರ ಮುಂದೆ ನಿಂತು ಎಲ್ಲವನ್ನೂ ಒದರಿಬಿಟ್ಟೆ. ಒಬ್ಬರೂ ಭಾವನ ಕಡೆ ತಿರುಗಿ ನೋಡಲಿಲ್ಲ.

“ಏ ಉಡ್ಗಿ, ಒಳೀಕ್ ಓಗು,” ಎಂದ ಅವರಲ್ಲಿ ದೊಡ್ಡವನು. “ನಾವ್ ಬಂದಿರೋದು ಜಾತಿ ವಿಸ್ಯಕ್ಕೆ.”

ಊಟಕ್ಕೆ ಎಲೆ ಹಾಕಿದರು. ನಾನು ಬಡಿಸಲಿಲ್ಲ.

ಅಕ್ಕ ಸೂಜಿ ಹಾಕಿಸಿಕೊಂಡಳು. ಭಾವ ಹಾಕಿಸಿಕೊಳ್ಳಲಿಲ್ಲ, ಅದಕ್ಕೇ ಅವಳು ಅವನನ್ನು ಬಿಟ್ಟು ನಮ್ಮೂರಿಗೆ ಬಂದುಬಿಟ್ಟಳು. ಹೆಣ್ಣು ಮಗು ಹುಟ್ಟಿತು. ಅದು ಕಿಟಾರನೆ ಕಿರುಚಿದಾಗ ನಾವಿಬ್ಬರೂ ಗೊಳೋ ಎಂದು ಅತ್ತೆವು. ಆ ಕಡೆಯಿಂದ ಯಾರೂ ನೋಡಲು ಬರಲಿಲ್ಲ. ಬರುವುದೆಲ್ಲಿ, ಅದೇ ಹಿರಿಯರು ಮುಂದೆ ನಿಂತು ಬಂಗಾರಪೇಟೆಯಲ್ಲಿ ಅವನಿಗೆ ಇನ್ನೊಂದು ಹೆಣ್ಣು ಗೊತ್ತು ಮಾಡುತ್ತಿದ್ದರು.

ನಾನು ಆ ಹೆಣ್ಣಿನ ಮನೆಗೇ ಹೋದೆ. ಅವನು ಸೂಜಿ ಹಾಕಿಸಿಕೊಂಡಿಲ್ಲ, ಮಗಳನ್ನು ಕೊಡಬೇಡಿ ಎಂದೆ. ಅವಳ ತಾಯಿ ನನ್ನನ್ನು ಒಳಗೆ ಸೇರಿಸಲಿಲ್ಲ.

“ಕುಲದೋರೇ ಅವನ್ನ ಸುದ್ಧ ಮಾಡವ್ರೆ. ಗಂಡನ್ ಬುಟ್ಟೋಳ್ ಕಡೆಯೋರು ನೀವು, ಒಟ್ಟೆಕಿಚ್ಗೆ ಏನ್ ಬೇಕಾದ್ರೂ ಅಂತೀರ. ಓಗಮ್ಮ.”

ಬಸ್ ನಿಲ್ಲುವ ಕಡೆಗೆ ನಡೆದೆ. ಹಿಂದಿನಿಂದ ಆ ಹುಡುಗಿಯೇ ಕೊಡ ಹಿಡಿದುಕೊಂಡು ಓಡಿ ಬಂದಳು. ನನಗಿಂತ ಚಿಕ್ಕವಳು. ಸುತ್ತ ನೋಡಿ, ಏದುಸಿರು ಬಿಡುತ್ತ ಕೇಳಿದಳು.

“ಅಕ್ಕಾ, ಒಲ್ಲೆ ಅಂದ್ರೆ ನಮ್ಮಪ್ಪ ಸಾಯ ಒಡೀತಾನೆ. ಆ ಸೂಜಿ ಯಾವ್ ಆಸ್ಪತ್ರೇಲಿ ಆಕ್ತಾರೆ? ನಾನ್ ಒಬ್ಳೇ ಅಲ್ಲಿಗ್ ಓದ್ರೂ ಆಕ್ತಾರಾ?”